ಸಾಲವಿಲ್ಲದ ಮನೆ

ಮೂವತ್ತೆರಡು ವರ್ಷ ನರ್ಸಾಗಿ ದುಡಿದು ನಿವೃತ್ತರಾದ ನಮ್ಮ ಅತ್ತಿಗೆಯ ಪಿ.ಎಫ್. ಹಣವೆಲ್ಲ ಒಂದೇ ಏಟಿಗೆ ಮನೆ ಕೊಳ್ಳಲು ಹೋಯಿತು. ಅರ್ಧಕ್ಕೆ ಸಾಲ ಮಾಡೋಣ, ಕೈಯಲ್ಲಿ ನಾಲ್ಕು ಕಾಸಿರಲಿ ಎಂದು ಅವರು ಬಡಿದುಕೊಂಡರು. ಸಾಲವೆಂದರೆ ಹಾವು ತುಳಿದವನಂತೆ ಹಾರುವ ನಮ್ಮಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಈಗ ದಿನಸಿಗೂ ದುಡ್ಡಿಲ್ಲದೆ ಅತ್ತಿಗೆ ಮತ್ತೆ ರಾತ್ರಿ ಪಾಳಿಗೆ ಹೋಗುತ್ತಾರೆ.

ನಿನ್ನೆ ಬೆಳಿಗ್ಗೆ ಅಣ್ಣ ನನ್ನನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು ಮನೆ ತೋರಿಸುತ್ತಿದ್ದ. ಆಗಷ್ಟೇ ಪಾಳಿ ಮುಗಿಸಿ ಬಂದ ಅತ್ತಿಗೆ ಬಾಗಿಲಲ್ಲೇ ಕೂತು, ಊದಿದ ಕಾಲಿಂದ ಬೂಟು ಕಳಚುತ್ತಿದ್ದರು.

"ನೋಡೋ, ಬ್ಯಾಂಕಿಗೆ ಒಂದು ಪೈಸೆ ಕಟ್ಟೋ ಹಾಗಿಲ್ಲ," ಎಂದ ಅಣ್ಣ.

ಅತ್ತಿಗೆ ತಲೆ ಎತ್ತಲಿಲ್ಲ. "ವಾರಕ್ಕೆ ಒಂದು ರಾತ್ರಿ ಮಲಗೋಕೆ ನನಗೆ ಇಷ್ಟು ದೊಡ್ಡ ಮನೆ ಬೇಕಿತ್ತಾ, ಕೇಳಪ್ಪ ನಿಮ್ಮಣ್ಣನ್ನ."