ಬೆನ್ನು ತೋರಿಸದ ಚಂದ್ರಕ್ಕ

ಚಹಾ ಕೊಟ್ಟು ಅಡುಗೆಮನೆಗೆ ಹೋಗುವಾಗಲೂ ಚಂದ್ರಕ್ಕ ನಮ್ಮತ್ತ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರು. ಒಮ್ಮೆ ಬೆಕ್ಕಿನ ಬಾಲ ತುಳಿದು, ಅದು ಚೀರಿ, ಇವರು ಬಿದ್ದು, ಕೈಲಿದ್ದ ಕಪ್ಪು-ಬಸಿ ಒಡೆದು ದೊಡ್ಡ ರಾಮಾಯಣವೇ ಆಯಿತು. ಬಿದ್ದದ್ದೂ ನಮ್ಮ ಕಡೆ ಮುಖ ಮಾಡಿಯೇ! "ಮಂದಿಗಿ ಬೆನ್ನ ತೋರಸಬಾರದ್ರಿ. ನಮ್ಮ ಕಂಪನಿ ಮಾಲಕ್ರು ಕಲಿಸಿದ ಮೊದಲನೇ ಪಾಠ ಅದು" ಎನ್ನುತ್ತ ಸೀರೆ ಕೊಡವಿಕೊಂಡು ಎದ್ದರು.

ನಾಟಕ ಕಂಪನಿಯಲ್ಲಿ ರಾಣಿಯ ಪಾರ್ಟು ಮಾಡಿ ಹೆಸರಾದವರು. ಕಂಪನಿ ಮುಚ್ಚಿದ ಮೇಲೆ ಇಬ್ರಾಹಿಂಪುರದಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಟಿವಿ ಹಚ್ಚಿದರೆ ಮುಗಿಯಿತು, ಬೈಗುಳ ಶುರು. "ಇಂವಾ ಕುಣಿಯಾಕತ್ತಾನೋ, ಅಂಗಿಯಾಗ ಇರುವಿ ಹೊಕ್ಕಾವೋ? ಆ ಠೀವಿ ಎಲ್ಲಿ, ಆ ದನಿ ಎಲ್ಲಿ?" ನನಗೂ ರೇಗುತ್ತಿತ್ತು. "ಹಂಗಾರ ಬಂದ್ ಮಾಡ್ರಿ" ಎನ್ನುತ್ತಿದ್ದೆ. ಒಂದು ದಿನ ನಿಜವಾಗಿಯೂ ಬಂದ್ ಮಾಡಿ, "ನನ್ನ ಕೂಡನ ಎಲ್ಲಾ ಮುಗೀತೈತಿ ಅನಸ್ತೈತ್ರಿ" ಎಂದರು.

ಮರುದಿನವೇ ಮಗಳು ಸ್ಮಿತಾಳನ್ನು ಪಾರ್ಟು ಕಲಿಯಲು ಅವರ ಬಳಿ ಕಳಿಸಿದೆ. ಕಾಲೇಜಿನ ನಾಟಕದಲ್ಲಿ ಅವಳದು ಗಂಡನ ಸಾವಿನ ಸುದ್ದಿ ಕೇಳುವ ಹೆಂಡತಿಯ ಪಾತ್ರ. ನಿಲ್ಲುವುದು, ಸೆರಗು ಹಿಡಿಯುವುದು, ಮಾತಿನ ಕೊನೆ ನುಂಗದೆ ಹಿಂದಿನ ಸಾಲಿಗೆ ಮುಟ್ಟಿಸುವುದು, ಎಲ್ಲ ಕಲಿಸಿದರು. ಬೆನ್ನಿನ ಪಾಠವಂತೂ ದಿನಾ ಇರುತ್ತಿತ್ತು.

ತಿಕೋಟಾದಲ್ಲಿ ನಾಟಕ. ಮುಂದಿನ ಸಾಲಿನಲ್ಲಿ ಚಂದ್ರಕ್ಕ, ಪಕ್ಕದಲ್ಲಿ ನಾನು. ಸಾವಿನ ಸುದ್ದಿ ಬಂದದ್ದೇ ಸ್ಮಿತಾ ಮೆಲ್ಲಗೆ ತಿರುಗಿ, ನಮಗೆಲ್ಲ ಬೆನ್ನು ಹಾಕಿ ನಿಂತುಬಿಟ್ಟಳು! "ಅಯ್ಯ, ಇಕಿನ!" ಎಂದು ಚಂದ್ರಕ್ಕ ನನ್ನ ಕೈ ಚಿವುಟಿದರು. ಮಾತಿಲ್ಲ, ಹಾಡಿಲ್ಲ. ಹುಡುಗಿಯ ಹೆಗಲು ಒಮ್ಮೆ ಮೇಲೇರಿತು, ಇಳಿಯಲೇ ಇಲ್ಲ. ಸೀಟಿ ಹೊಡೆಯುತ್ತಿದ್ದ ಹುಡುಗರೂ ಗಪ್‌ಚಿಪ್. ಚಂದ್ರಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ನಾಟಕ ಮುಗಿದ ಮೇಲೆ ಸ್ಮಿತಾ ಹೆದರುತ್ತ ಬಂದಳು. "ಸಿಟ್ಟಾದ್ರೇನ್ರಿ ಅಜ್ಜಿ?"

ಚಂದ್ರಕ್ಕ ಅವಳ ಕೆನ್ನೆ ಸವರಿ ಲಟಿಕೆ ಮುರಿದರು. "ಬೆನ್ನಿಲೆ ಅಳಬೌದಂತ ನನಗ ಯಾರೂ ಕಲಿಸಿರಲಿಲ್ಲ ಬೇ. ಮುಗದಿಲ್ಲ ಬಿಡ, ಇನ್ನೂ ಐತಿ." ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಬಬಲೇಶ್ವರದಲ್ಲಿ, ಅವರ ತಂಗಿಯ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ಸ್ಮಿತಾಳನ್ನು ಕಂಡದ್ದೇ ಗೋಡೆ ಹಿಡಿದು ಎದ್ದು, ನಮಗೆ ಬೆನ್ನು ತಿರುಗಿಸಿ ನಿಂತರು.

"ಹೇಳ ನೋಡೂಣು, ಅಳಾಕತ್ತೇನೋ ನಗಾಕತ್ತೇನೋ?"

"ಅಳಾಕತ್ತೀರಿ" ಎಂದಳು ಸ್ಮಿತಾ. ಅಳುತ್ತಿದ್ದವಳು ಅವಳು.

ಚಂದ್ರಕ್ಕ ತಿರುಗಿದರು. ಬಾಯ್ತುಂಬ ನಗು.

"ನಗಾಕತ್ತಿದ್ನಲ್ಲ ಹುಚ್ಚಿ! ಹಂಗಾರ ಬೆನ್ನಿಲೆ ಮಾಡೂದು ನನಗಿನ್ನೂ ಬಂದಿಲ್ಲ. ಬಾ, ಇನ್ನೊಮ್ಮೆ ತೋರ್ಸು."