ಮೀಸೆ ತೆಗೆಸಿದ ಮೇಷ್ಟ್ರು

ತಿಮ್ಮರಾಜು ಮೇಷ್ಟ್ರೆಂದರೆ ಮೀಸೆ ಅನ್ನುವ ಕಾಲವೊಂದು ಪಾಂಡವಪುರದ ಕಡೆ ಇತ್ತು. ತುಟಿಯನ್ನೇ ಮುಚ್ಚಿ ಕೆನ್ನೆಗೆ ಏರಿದ್ದ ಅದಕ್ಕೆ ಹರಳೆಣ್ಣೆ ತೀಡದೆ ಅವರು ಸೈಕಲ್ ಹತ್ತಿದವರಲ್ಲ. ತೊಂಬತ್ತಾರನೇ ಇಸವಿಯಲ್ಲಿ ಕಿವಿ ಕೇಳದ ರಂಜಿತ ಅವರ ಮೂರನೇ ಕ್ಲಾಸಿಗೆ ಸೇರಿದಳು. ಅವಳು ತುಟಿ ನೋಡಿ ಮಾತು ತಿಳಿಯುತ್ತಾಳೆಂದು ಗೊತ್ತಾದ ಮರುದಿನವೇ ಮೀಸೆ ಬೋಳಿಸಿಕೊಂಡು ಬಂದರು. ಅಪ್ಪ ಸತ್ತರಷ್ಟೇ ಮೀಸೆ ತೆಗೆಸುವ ಊರು, ದಾರಿಯುದ್ದಕ್ಕೂ "ಗೌಡ್ರು ಯಾವಾಗ ತೀರ್ಕಂಡ್ರು ಮೇಷ್ಟ್ರೇ?" ಅಂತ ಮರುಗುವವರೇ. ಮನೆಯಲ್ಲಿ ಅಪ್ಪ ಚೌಡೇಗೌಡರು, "ನಾನು ಗುಂಡ್ಕಲ್ನಂಗೆ ಕೂತಿವ್ನಿ, ಮೀಸೆ ತೆಗ್ಸ್‌ಬುಟ್ಯೇನ್ಲಾ?" ಅಂತ ಗುಡುಗಿ ಮಾತು ಬಿಟ್ಟರು. ಮೇಷ್ಟ್ರು ಜಗ್ಗಲಿಲ್ಲ. ಬೋರ್ಡಿನ ಪಕ್ಕ ಓರೆಯಾಗಿ ನಿಂತು, ಮುಖ ಮಕ್ಕಳ ಕಡೆಗೇ ಇಟ್ಟು ಬರೆಯುವರು, ಅಕ್ಷರವೆಲ್ಲ ಇಳಿಜಾರು, ಕೇಳಿದರೆ "ಬೆನ್ನಲ್ಲಿ ಬಾಯಿದ್ದದಾ?" ಅನ್ನುವರು. ಮೀಸೆ ತಿರುವುತ್ತಿದ್ದ ಬೆರಳು ಈಗ ಕಂಡಕಂಡವರಿಗೆಲ್ಲ ರಂಜಿತಳ ಸ್ಲೇಟು ಎತ್ತಿ ತೋರಿಸುತ್ತಿತ್ತು. ಬಯ್ಯಲೆಂದೇ ಒಂದು ದಿನ ಶಾಲೆಗೆ ಬಂದ ಗೌಡರು, ಮಗ ಹೇಳಿದ್ದನ್ನೆಲ್ಲ ಅವಳು ತಪ್ಪಿಲ್ಲದೆ ಬರೆಯುವುದನ್ನು ಕಂಡು, "ನಿನ್ನೆಸ್ರೇನವ್ವ?" ಅಂದರು. ಹುಡುಗಿ ಅವರ ಪೊದೆ ಮೀಸೆಯನ್ನೇ ದಿಟ್ಟಿಸಿ, ಏನೂ ತಿಳಿಯದೆ ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಅವಳನ್ನು ಗೌಡರ ಕಡೆಗೇ ತಿರುಗಿಸಿ ನಿಲ್ಲಿಸಿದರು. ಗೌಡರು ಎರಡೂ ಕೈಯಿಂದ ಮೀಸೆ ಮೇಲೆತ್ತಿ ಹಿಡಿದು, ತುಟಿ ಕಾಣುವಂತೆ ಮತ್ತೆ ಕೇಳಿದರು.