ಇನ್ನೊಂದು ಫೋಟೊ

ತುರುವೇಕೆರೆಯ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ಹಾಲಸ್ವಾಮಿಯ ಸ್ಟುಡಿಯೊ ಇದೆ. ಬೋರ್ಡಿನ ಮೇಲೆ ಅವನ ಹೆಸರು, ಕ್ಯಾಮೆರಾ ಹಿಡಿಯುವವನೂ ಅವನೇ. ಒಳಗೆ ಕಂಪ್ಯೂಟರಿನ ಮುಂದೆ ಕೂರುವವಳು ಅವನ ಹೆಂಡತಿ ಗಿರಿಜಾಂಬಿಕಾ. ಮದುವೆಯಾಗಿ ಬಂದಾಗಿನಿಂದ ಅವಳ ಕೆಲಸ ಒಂದೇ, ಮದುಮಗಳ ಮುಖವನ್ನು ಬೆಳ್ಳಗೆ ಮಾಡುವುದು. ತೋಟದ ಬಿಸಿಲಲ್ಲಿ ಬೆಳೆದ ಹುಡುಗಿಯರ ಕೆನ್ನೆಯ ಕಲೆ, ಹಣೆಯ ಗಾಯ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಅವಳು ಒರೆಸುತ್ತಿದ್ದಳು. ಹುಡುಗಿಯರ ತಾಯಂದಿರು ಬೆನ್ನ ಹಿಂದೆ ನಿಂತು ಇನ್ನೂ ಒಂಚೂರು ಅನ್ನುತ್ತಿದ್ದರು. ಆಲ್ಬಂ ಮುಗಿಯುವ ಹೊತ್ತಿಗೆ ನೊಣವಿನಕೆರೆಯ ಹುಡುಗಿಗೂ ಅಮ್ಮಸಂದ್ರದ ಹುಡುಗಿಗೂ ಒಂದೇ ಮುಖ ಬಂದಿರುತ್ತಿತ್ತು.

ಮದುವೆಗಳಿಲ್ಲದ ಒಂದು ಆಷಾಢದಲ್ಲಿ ತಿಪಟೂರಿನ ಫೋಟೊಗ್ರಾಫರುಗಳ ಕ್ಲಬ್ಬಿನವರು ಶಿಬಿರ ನಡೆಸಿದರು. ಹಾಲಸ್ವಾಮಿ ಹೋಗಿ ಬಂದು ಊಟಕ್ಕೆ ಕೂತಾಗ ನಕ್ಕ. ಹೊರಗಿನಿಂದ ಬಂದಿದ್ದವನು ಯಾರೋ, ಗಿರಾಕಿಗಳಿಗೆ ತೆಗೆಯುವುದು ಹೊಟ್ಟೆಪಾಡು, ನಿಮ್ಮದೇ ಅಂತ ಒಂದು ವಿಷಯ ಹಿಡಿದು ತೆಗೆಯಿರಿ ಅಂದನಂತೆ. ನಮ್ಮದೇ ಅಂತ ಏನಿರುತ್ತೆ ಎಂದು ಹಾಲಸ್ವಾಮಿ ಸಾರು ಬಡಿಸಿಕೊಂಡ. ಆ ಮಾತು ಗಿರಿಜಾಂಬಿಕಾಳ ತಲೆಯಲ್ಲಿ ಉಳಿಯಿತು. ಬೀರುವಿನಲ್ಲಿ ಬಿದ್ದಿದ್ದ ಹಳೆಯ ಕ್ಯಾಮೆರಾವನ್ನು ತೆಗೆದು ಒರೆಸಿದಳು.

ಮೊದಲು ತೆಂಗಿನ ತೋಟ ತೆಗೆದಳು. ಎಲ್ಲವೂ ಸೊಸೈಟಿಯವರು ಹಂಚುವ ಕ್ಯಾಲೆಂಡರಿನ ಹಾಗೆ ಕಂಡವು. ತವರಿಗೆ ಹೋದಾಗ ಕೊಬ್ಬರಿ ಅಟ್ಟ ಹತ್ತಿ, ಹೆಂಚಿನ ಸಂದಿಯಿಂದ ಕಾಯಿರಾಶಿಯ ಮೇಲೆ ಬೀಳುವ ಬಿಸಿಲನ್ನು ತೆಗೆದಳು. ಚಿತ್ರಗಳು ಚೆನ್ನಾಗಿದ್ದವು, ಆದರೆ ನೋಡಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ತಿಪಟೂರಿನ ಮಾರುಕಟ್ಟೆಗೆ ಹೋದಳು. ಅಲ್ಲಿ ಗಂಡಸರು ಕಾಲರ್ ಸರಿಮಾಡಿಕೊಂಡು ಎದುರು ನಿಂತರು, ಯಾವ ಪೇಪರು ಅಂತ ಕೇಳಿದರು. ಕಾಯಿ ಸುಲಿಯುತ್ತಿದ್ದ ಹೆಂಗಸರು ಮಾತ್ರ ಸೆರಗು ಎಳೆದುಕೊಂಡು ಮುಖ ತಿರುಗಿಸಿದರು. ವಾಪಸು ಬರುವ ಬಸ್ಸಿನಲ್ಲಿ ಅವಳು ಆ ತಿರುಗಿಸಿದ ಮುಖಗಳನ್ನೇ ನೆನೆಯುತ್ತ ಕೂತಿದ್ದಳು.

ಅದಾದ ಸ್ವಲ್ಪ ದಿನಕ್ಕೆ, ಹಾಲಸ್ವಾಮಿ ಇಲ್ಲದ ಹೊತ್ತಿನಲ್ಲಿ, ಅಮ್ಮಸಂದ್ರದ ಕಡೆಯ ಹಳ್ಳಿಯಿಂದ ಚಿಕ್ಕಗೌರಮ್ಮ ಬಂದಳು. ವಿಧವೆ. ನಿಂತುಹೋಗಿದ್ದ ಪಿಂಚಣಿಯನ್ನು ಮತ್ತೆ ಮಾಡಿಸಲು ಫೋಟೊ ಬೇಕಿತ್ತು. ಗಿರಿಜಾಂಬಿಕಾಳೇ ತೆಗೆದಳು. ಮುಗಿದ ಮೇಲೂ ಮುದುಕಿ ಸ್ಟೂಲಿನಿಂದ ಏಳಲಿಲ್ಲ.

“ಇನ್ನೊಂದು ತೆಗೀತೀಯೇನವ್ವ? ಆಫೀಸಿಗಲ್ಲ. ಸುಮ್ಕೆ.”

ಆಮೇಲೆ ಸಂಕೋಚದಲ್ಲೇ ಹೇಳಿದಳು. ಅವಳ ಮದುವೆ ಗುಡಿಯಲ್ಲಿ ಆಯಿತು, ಫೋಟೊ ತೆಗೆಸುವಷ್ಟು ಗತಿ ಯಾರಿಗೂ ಇರಲಿಲ್ಲ. ಮಗ ತೊಟ್ಟಿಲಲ್ಲಿರುವಾಗಲೇ ಗಂಡ ತೀರಿಕೊಂಡ. ಕುಂಕುಮ ಇಟ್ಟುಕೊಂಡ ಅವಳ ಚಿತ್ರ ಭೂಮಿಯ ಮೇಲೆ ಒಂದೂ ಇಲ್ಲ. “ಹೆಂಗಿದ್ದೆ ಅಂತ ನಂಗೇ ನೆಪ್ಪಿಲ್ಲ ಕಣವ್ವ,” ಅಂದಳು.

ಗಿರಿಜಾಂಬಿಕಾ ಬಾಗಿಲು ಮುಂದೆ ಮಾಡಿದಳು. ತನ್ನ ಮುಡಿಯ ಹೂವನ್ನು ಬಿಚ್ಚಿ ಅವಳಿಗೆ ಮುಡಿಸಿ, ಹಣೆಗೆ ಕುಂಕುಮ ಇಟ್ಟಳು. ಚಿಕ್ಕಗೌರಮ್ಮ ನಗಲಿಲ್ಲ. ಕ್ಯಾಮೆರಾವನ್ನು ನೆಟ್ಟಗೆ ನೋಡಿದಳು. ತೆಗೆದ ಮೇಲೆ ಕಂಪ್ಯೂಟರಿನ ಮುಂದೆ ಬಂದು ತನ್ನನ್ನು ತಾನು ಬಹಳ ಹೊತ್ತು ನೋಡಿ, “ಯಾರೋ ಚೆನ್ನಾಗವ್ಳೆ” ಅಂದಳು. ಆಮೇಲೆ ಸೆರಗಿನಿಂದ ಹಣೆ ಒರೆಸಿಕೊಂಡಳು. ಪ್ರಿಂಟು ಕೊಟ್ಟರೆ ಬೇಡವೆಂದಳು, ಮನೆಯಲ್ಲಿ ಎಲ್ಲಿ ಇಟ್ಟುಕೊಳ್ಳುವುದು? ನಿನ್ನ ಹತ್ತಿರವೇ ಇರಲಿ, ಯಾರಿಗೂ ತೋರಿಸಬೇಡ ಎಂದಳು. ತೋರಿಸುವುದಿಲ್ಲವೆಂದು ಗಿರಿಜಾಂಬಿಕಾ ಮಾತು ಕೊಟ್ಟಳು.

ವಿಷಯ ಸಿಕ್ಕಿತ್ತು. ಅಲ್ಲಿಂದ ಮುಂದೆ ಪಿಂಚಣಿಗೆ, ರೇಷನ್ ಕಾರ್ಡಿಗೆ ಫೋಟೊ ತೆಗೆಸಲು ಬಂದ ಹೆಂಗಸರನ್ನು, ಗಂಡ ಇಲ್ಲದ ಹೊತ್ತು ನೋಡಿ, ನಿಮಗೆ ಬೇಕಾದ ಹಾಗೆ ಇನ್ನೊಂದು ತೆಗೆಯಲಾ ಅಂತ ಕೇಳತೊಡಗಿದಳು. ಬೇಡವೆಂದವರೇ ಹೆಚ್ಚು. ವಿಮಲಮ್ಮ ಎಂಬಾಕೆ ತೀರಿಹೋದ ಅಪ್ಪನ ರುಮಾಲನ್ನು ಮನೆಯಿಂದ ತಂದು, ತಲೆಗೆ ಸುತ್ತಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತಳು. ಹುಚ್ಚಕ್ಕ ಏನೂ ಮಾಡದೆ, ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂರುತ್ತೇನೆ ಅಂದಳು. ಹಾಗೆ ಕೂತವಳು ನಿದ್ದೆಯನ್ನೇ ಮಾಡಿಬಿಟ್ಟಳು. ಎಬ್ಬಿಸಲು ಗಿರಿಜಾಂಬಿಕಾಳಿಗೆ ಮನಸ್ಸು ಬರಲಿಲ್ಲ. ಈ ಮುಖಗಳಲ್ಲಿ ಒಂದು ಸುಕ್ಕನ್ನೂ ಅವಳು ತಿದ್ದಲಿಲ್ಲ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅವನ್ನು ಒಂದೊಂದಾಗಿ ತೆರೆದು ನೋಡುವಾಗ, ಇಷ್ಟು ವರ್ಷದಲ್ಲಿ ತಾನು ಮಾಡಿದ ಕೆಲಸ ಇದೊಂದೇ ಅನ್ನಿಸುತ್ತಿತ್ತು.

ಯಾವುದೋ ಮದುವೆಯ ಆಲ್ಬಂ ಹುಡುಕುವಾಗ ಅವು ಹಾಲಸ್ವಾಮಿಯ ಕಣ್ಣಿಗೆ ಬಿದ್ದವು. ಬೈಯುತ್ತಾನೆ ಅಂದುಕೊಂಡಿದ್ದಳು. ಅವನು ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ನೋಡಿದ. ಚಿಕ್ಕಗೌರಮ್ಮನ ಚಿತ್ರ ಬಂದಾಗ ನಿಲ್ಲಿಸಿ, “ಲೇ, ಇದು ನಿಜವಾದ ಫೋಟೊ ಕಣೇ” ಅಂದ. ಗಂಡನ ಬಾಯಿಂದ ಅಂಥ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಆ ಖುಷಿಯಲ್ಲಿ ಕುಂಕುಮದ ಕಥೆ, ಕೊಟ್ಟ ಮಾತು ಎಲ್ಲವನ್ನೂ ಹೇಳಿಬಿಟ್ಟಳು. ಅವನು ತಲೆಯಾಡಿಸುತ್ತ ಕೇಳಿದ.

ಕೆಲವು ವಾರ ಕಳೆದ ಮೇಲೆ ಅಂಗಡಿಯ ಫೋನಿಗೆ ಅಭಿನಂದನೆಯ ಕರೆಗಳು ಬರತೊಡಗಿದವು. ಕ್ಲಬ್ಬಿನ ಸ್ಪರ್ಧೆಯಲ್ಲಿ ಹಾಲಸ್ವಾಮಿಯ ಚಿತ್ರಕ್ಕೆ ಮೊದಲ ಬಹುಮಾನ. ಚಿತ್ರದ ಹೆಸರು ‘ವಿಧವೆಯ ಕನಸು’. ಅದು ಆಗಲೇ ಊರೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು.

ಅವಳು ಕೇಳಿದ್ದಕ್ಕೆ ಅವನು ಶಾಂತವಾಗಿಯೇ ಉತ್ತರ ಕೊಟ್ಟ. ಕ್ಲಬ್ಬಿನ ಸದಸ್ಯ ತಾನು, ಹೆಸರು ಮತ್ತೆ ಯಾರದ್ದು ಹಾಕಬೇಕಿತ್ತು? ಕ್ಯಾಮೆರಾ ಅಂಗಡಿಯದು, ಬೆಳಕೂ ಅಂಗಡಿಯದು. ಬಹುಮಾನ ಮನೆಗೇ ಬಂತಲ್ಲ. ಆ ಮುದುಕಿ ವಾಟ್ಸಾಪ್ ನೋಡುತ್ತಾಳೆಯೇ?

ಮುದುಕಿ ನೋಡಲಿಲ್ಲ. ಅವಳ ಮಗ ರಂಗನಾಥ್ ನೋಡಿದ. ಟೀ ಅಂಗಡಿಯಲ್ಲಿ ಯಾರೋ ಅವನ ಮುಂದೆ ಫೋನು ಹಿಡಿದು, ನಿಮ್ಮವ್ವಂಗೆ ಮದುವೆಯಂತೆ, ನಮಗೆ ಊಟ ಹಾಕಿಸಲ್ವಾ ಅಂದರಂತೆ. ಈ ಸುದ್ದಿಯನ್ನು ತಂದವಳು ಆ ಊರಿನಿಂದ ಹಾಲು ಡೇರಿಯ ಕೆಲಸಕ್ಕೆ ಬರುವ ನಿರ್ಮಲಾ. ಕೇಳಿದ ಮಾರನೆಯ ದಿನವೇ ಗಿರಿಜಾಂಬಿಕಾ ಬಸ್ಸು ಹತ್ತಿದಳು.

ಚಿಕ್ಕಗೌರಮ್ಮ ಹಿತ್ತಿಲಲ್ಲಿ ತೆಂಗಿನ ಸೋಗೆ ಸೀಳುತ್ತ ಕೂತಿದ್ದಳು. ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ. ಗಿರಿಜಾಂಬಿಕಾ ನಿಂತೇ ಎಲ್ಲವನ್ನೂ ಹೇಳಿದಳು. ಕಳಿಸಿದ್ದು ತಾನಲ್ಲ, ತನಗೆ ಗೊತ್ತೇ ಇರಲಿಲ್ಲ, ಗಂಡ ಕೇಳದೆ ಮಾಡಿದ ಎಂದಳು. ಮುದುಕಿ ಕತ್ತಿಯನ್ನು ಕೆಳಗಿಟ್ಟಳು.

“ನೀನು ಮಾಡ್ಲಿಲ್ಲ ಅಂತೀಯ, ಇರ್ಬೋದು. ನಾನು ಕುಂತಿದ್ದು ನಿನ್ನ ಗಂಡನ ಮುಂದಲ್ಲ, ನಿನ್ನ ಮುಂದೆ.”

ಮುದುಕಿ ಸೀಳಿದ ಗರಿಗಳನ್ನು ಒಟ್ಟುಮಾಡಿದಳು.

“ಮಗ ನಾನು ಇಕ್ಕಿದ್ರೆ ಉಣ್ಣಾಕಿಲ್ಲ, ತಾನೇ ಬಡಿಸ್ಕತಾನೆ. ಸೊಸೆ ಮಕ ನೋಡಾಕಿಲ್ಲ. ಬರೀ ಹಣೇಲೇ ಇಷ್ಟು ವರ್ಸ ಮರ್ಯಾದೆಯಾಗಿ ಇದ್ದೆ ಕಣವ್ವ. ಒಂದ್ಸಲ ಆಸೆಪಟ್ಟೆ, ನೋಡು. ಹೋಗು, ಅವನು ಬರೋ ಹೊತ್ತಾಯ್ತು.”

ಮನೆಗೆ ಬಂದವಳು ಚಿತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಲು ಗಂಡನನ್ನು ಕೇಳಿದಳು. ಅವನು, ತೆಗೆದುಕೊಂಡರೆ ತಾನು ಕಳ್ಳನಾಗುತ್ತೇನೆ ಅಂದ. ಕ್ಲಬ್ಬಿನ ಕಾರ್ಯದರ್ಶಿಗೆ ಅವಳೇ ಫೋನು ಮಾಡಿ, ತೆಗೆದದ್ದು ನಾನು ಅಂದಳು. ಆತ ನಕ್ಕು, ಮನೆ ವಿಷಯ ಮನೆಯಲ್ಲೇ ಮಾತಾಡಿಕೊಳ್ಳಿ ಅಮ್ಮ, ಎಂದ. ಮುಂದಿನ ವರ್ಷ ಉಳಿದ ಚಿತ್ರಗಳದ್ದೇ ಒಂದು ಪ್ರದರ್ಶನ ಮಾಡಬಹುದೆಂದು ಹಾಲಸ್ವಾಮಿ ಅವನ ಜೊತೆ ಮಾತಾಡಿದ್ದು ಆಗಲೇ ಅವಳಿಗೆ ತಿಳಿಯಿತು.

ಫೋನಿಟ್ಟವಳು ಕಂಪ್ಯೂಟರಿನ ಮುಂದೆ ಕೂತು ಆ ಚಿತ್ರಗಳನ್ನೆಲ್ಲ ಅಳಿಸಿದಳು. ರುಮಾಲಿನ ವಿಮಲಮ್ಮ ಹೋದಳು, ನಿದ್ದೆಹೋದ ಹುಚ್ಚಕ್ಕ ಹೋದಳು. ಚಿಕ್ಕಗೌರಮ್ಮನನ್ನೂ ಅಳಿಸಿದಳು. ಆದರೆ ಜಿಲ್ಲೆಯ ಫೋನುಗಳಲ್ಲೆಲ್ಲ ಉಳಿದದ್ದು ಅದೊಂದೇ. ಹಾಲಸ್ವಾಮಿಗೆ ಗೊತ್ತಾದಾಗ ಕೂಗಾಡಿದ, ಹಳೆಯ ಕ್ಯಾಮೆರಾವನ್ನು ತುಮಕೂರಿನ ಒಬ್ಬನಿಗೆ ಮಾರಿದ. ಅವಳು ತಡೆಯಲಿಲ್ಲ.

ಆ ಅಂಗಡಿಯ ಹೆಂಗಸು ಗಂಡ ಸತ್ತವರಿಗೆ ಕುಂಕುಮ ಇಟ್ಟು ಆಟ ಆಡುತ್ತಾಳೆ ಅಂತ ಹಳ್ಳಿಗಳಲ್ಲಿ ಮಾತಾಯಿತು. ಹಾಲಸ್ವಾಮಿಯ ಬಗ್ಗೆ ಯಾರೂ ಏನೂ ಆಡಲಿಲ್ಲ. ಅವನಿಗೆ ಬಹುಮಾನ ಬಂದಿತ್ತು. ದೀಪಾವಳಿ ಕಳೆದು ಮದುವೆಗಳು ಶುರುವಾದವು, ಗಿರಿಜಾಂಬಿಕಾ ಮತ್ತೆ ಮುಖಗಳನ್ನು ಬೆಳ್ಳಗೆ ಮಾಡುತ್ತ ಕೂತಳು.

ಒಂದು ದಿನ ಹುಚ್ಚಕ್ಕ ಮೊಮ್ಮಗಳನ್ನು ಕರೆದುಕೊಂಡು ಬಂದಳು, ಶಾಲೆಗೆ ಫೋಟೊ ಬೇಕಿತ್ತು. ಗಿರಿಜಾಂಬಿಕಾ ಎದ್ದು, ಬನ್ನಿ ಅಂದಳು. ಹುಚ್ಚಕ್ಕ ಮೊಮ್ಮಗಳ ಕೈಯನ್ನು ಬಿಡದೆ ಹೊಸ್ತಿಲಲ್ಲೇ ನಿಂತಳು.

“ಯಜಮಾನ್ರು ಇಲ್ವಾ?”

ತಿಪಟೂರಿಗೆ ಹೋಗಿದ್ದಾರೆ, ಬರುವುದು ಸಂಜೆಯಾಗುತ್ತೆ ಎಂದಳು ಗಿರಿಜಾಂಬಿಕಾ.

“ಬುಡು, ಸಂಜೀಕೇ ಬತ್ತೀವಿ,” ಎಂದು ಹುಚ್ಚಕ್ಕ ರಸ್ತೆ ದಾಟಿ, ಎದುರಿನ ಕಚೇರಿಯ ಕಟ್ಟೆಯ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಕಾಯತೊಡಗಿದಳು.